ಕಾಚುಗೆಂಪು ಅಂಚಿನ ಸೀರೆ

ನಮ್ಮೂರಿನಲ್ಲಿ ಕೆಂಪಲ್ಲದ ಬಣ್ಣ ಎಂಟು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ಹಳದಿ ಅಂಗಿ ತೊಟ್ಟು ಬಂದ ನೆಂಟ ವಾರ ಕಳೆದು ಕೆಂಪು ಅಂಗಿಯಲ್ಲಿ ತನ್ನೂರಿಗೆ ಮರಳುತ್ತಾನೆ. ಸುಣ್ಣ ಬಳಿದ ಗೋಡೆ, ನೀಲಿ ಶಾಯಿಯ ಕಾಗದ, ಮಕ್ಕಳ ಪಾಟೀಚೀಲ, ಎಲ್ಲದರ ಪಾಡೂ ಅದೇ. ಕಿತ್ತ ಎಲೆ ಸಂಜೆಯೊಳಗೆ ಕೆಂಪಾಗುತ್ತದೆ, ಗಿಡದಲ್ಲಿರುವಷ್ಟು ಹೊತ್ತು ಮಾತ್ರ ಹಸಿರು. ಪುಣ್ಯಕ್ಕೆ ಜೋಳದ ರೊಟ್ಟಿಗೂ ಮೈಗೂ ತಲೆಗೂದಲಿಗೂ ಈ ಕಾಟವಿಲ್ಲ. ಹೀಗೇಕೆ ಎಂದು ನಮ್ಮವರು ತಲೆ ಕೆಡಿಸಿಕೊಂಡವರಲ್ಲ. ಎಲ್ಲವೂ ಕೆಂಪಾದ ಮೇಲೆ ಯಾವುದು ಯಾವ ಕೆಂಪು ಎಂದು ಗುರುತಿಸುವುದು ಹೇಗೆ ಎಂಬುದಕ್ಕೆ ಮಾತ್ರ ತುಂಬ ತಲೆ ಕೆಡಿಸಿಕೊಂಡಿದ್ದಾರೆ.

ಹಾಗಾಗಿ ನಮ್ಮಲ್ಲಿ ಪ್ರತಿ ಕೆಂಪಿಗೂ ಒಂದು ಹೆಸರು, ಪ್ರತಿ ಹೆಸರಿಗೂ ಒಂದು ಕೆಲಸ. ಪೊಲೀಸರದು ಇಟ್ಟಿಗೆಗೆಂಪು. ಶಾಲೆಯ ಟೀಚರುಗಳದು ಬೀಟ್‌ರೂಟ್. ಬಾಣಂತಿಗೆ ದಾಸವಾಳ, ಮುದುಕರಿಗೆ ಕಾವಿಗೆಂಪು. ಮನೆಗಳಿಗೆ ನಂಬರಿಲ್ಲ. ಒಂದೊಂದು ಮನೆಯ ಬಾಗಿಲಿಗೆ ಒಂದೊಂದು ಕೆಂಪು, ಅಂಚೆಯವನು ಬಾಗಿಲು ನೋಡಿ ಕಾಗದ ಹಾಕುತ್ತಾನೆ. ಹೊರಗಿನವರಿಗೆ ಇದೆಲ್ಲ ಒಂದೇ ಕೆಂಪು. ಇಲ್ಲಿ ಹುಟ್ಟಿದವರಿಗೆ ಕೂಡ ಇಪ್ಪತ್ತು ಇಪ್ಪತ್ತೈದರಾಚೆ ಗೊಂದಲವೇ. ಇರುವ ಮೂವತ್ತೆರಡು ಕೆಂಪನ್ನೂ ಬಿಡಿಸಿ ಹೇಳಬಲ್ಲವನು ಊರಿಗೆ ಒಬ್ಬನಿರುತ್ತಾನೆ. ಮೂವತ್ತು ವರ್ಷದಿಂದ ಆ ಒಬ್ಬ ನಾನು. ಹೆಸರು ಗುರುಶಾಂತಪ್ಪ, ಊರವರ ಬಾಯಲ್ಲಿ ನಕ್ಷಿ ಗುರುಶಾಂತಪ್ಪ, ಯಾಕೆಂದರೆ ಸೀರೆಗಳ ನಕ್ಷೆ ಬರೆಯುವವನೂ ನಾನೇ. ಈ ಹೆಸರನ್ನು ಹೇಳಿಕೊಳ್ಳುವಾಗ ಒಂದು ಕಾಲಕ್ಕೆ ಎದೆ ಉಬ್ಬುತ್ತಿತ್ತು. ಈಗ ಕೇಳಿದವರಿಗಷ್ಟೇ ಹೇಳುತ್ತೇನೆ.

ಮೂವತ್ತೆರಡರಲ್ಲಿ ಎರಡು ಕೆಂಪುಗಳ ವಿಷಯ ಮಾತ್ರ ಹುಡುಗಾಟವಲ್ಲ. ಮದುವಣಗಿತ್ತಿಯ ಸೀರೆಯ ಅಂಚು ದಾಳಿಂಬೆಗೆಂಪು. ಸಾವಾದ ಮನೆಯ ಹೆಂಗಸರು ಹನ್ನೊಂದನೆಯ ದಿನ ಉಡುವ ಸೀರೆಯ ಅಂಚು ಕಾಚುಗೆಂಪು. ಎರಡಕ್ಕೂ ಇರುವುದು ಕೂದಲೆಳೆಯ ಅಂತರ. ನೆನೆದಾಗ ಎರಡೂ ಒಂದೇ. ದೀಪದ ಬೆಳಕಿನಲ್ಲಿ ಕಾಚೇ ಹೆಚ್ಚು ಚೆಂದ ಕಾಣುತ್ತದೆ. ಹಗಲಿನ ಬಯಲಲ್ಲಿ ಹಿಡಿದರೆ ದಾಳಿಂಬೆಯ ತಳದಲ್ಲಿ ಒಂದಿಷ್ಟು ನೀಲಿ ಅಡಗಿರುವುದು ತಿಳಿಯುತ್ತದೆ, ಕಾಚಿನ ತಳದಲ್ಲಿ ಮಣ್ಣು ಇರುತ್ತದೆ. ಅಷ್ಟೇ ವ್ಯತ್ಯಾಸ. ಆ ವ್ಯತ್ಯಾಸದ ಮೇಲೆ ಊರಿನ ಮದುವೆಗಳೂ ತಿಥಿಗಳೂ ನಿಂತಿದ್ದವು.

ಬಣ್ಣ ಕಾಯಿಸುವ ಕೆಲಸ ಹಾಲವ್ವನದು. ನನಗಿಂತ ಆರು ವರ್ಷ ಚಿಕ್ಕವಳು, ಗಂಡ ತೀರಿಕೊಂಡ ಮೇಲೆ ಬಣ್ಣದ ಮನೆಯ ಹಂಡೆಗಳನ್ನು ಒಬ್ಬಳೇ ನೋಡಿಕೊಂಡವಳು. ನೀರಿನ ಗುಣ, ಬಿಸಿಲು, ಸೌದೆ, ಯಾವುದು ಹೆಚ್ಚುಕಡಿಮೆಯಾದರೂ ಒಂದೇ ಹಂಡೆಯಿಂದ ಒಮ್ಮೆ ದಾಳಿಂಬೆ ಬರುತ್ತದೆ, ಒಮ್ಮೆ ಕಾಚು. ಅದಕ್ಕೇ ಬಣ್ಣ ಹಾಕಿದವರು ನೂಲು ಯಾವ ಕೆಂಪೆಂದು ತಾವೇ ಹೇಳಬಾರದೆಂದು ಕಟ್ಟಳೆ. ಒಣಗಿದ ನೂಲಿನ ಲಡಿಗಳನ್ನು ಅವಳು ನನ್ನ ಮುಂದೆ ಇಡಬೇಕು, ನಾನು ನೋಡಿ ದಾಳಿಂಬೆಗೆ ಒಂದು ಗಂಟು, ಕಾಚಿಗೆ ಎರಡು ಗಂಟು ಹಾಕಬೇಕು. ಗಂಟು ಬಿದ್ದ ಲಡಿಯನ್ನು ಮತ್ತೆ ಹಂಡೆಗೆ ಇಳಿಸುವಂತಿಲ್ಲ. ಇಳಿಸಿದರೆ ಬಣ್ಣ ತಿರುಗುತ್ತದೆ, ಅದು ಬಣ್ಣದವರ ಪಾಲಿಗೆ ದೊಡ್ಡ ಅಪರಾಧ. ನನಗೂ ಒಂದು ಕಟ್ಟಳೆ ಇತ್ತು. ಬೆಳಗಿನಿಂದ ಕೆಂಪನ್ನೇ ನೋಡಿದ ಕಣ್ಣು ದಣಿದಿರುತ್ತದೆ, ದಣಿದ ಕಣ್ಣಿಗೆ ಎಲ್ಲ ಕೆಂಪೂ ಒಂದೇ ಥರ. ಹಾಗಾಗಿ ಗಂಟು ಹಾಕುವ ಮೊದಲು ಹಿತ್ತಲಿಗೆ ಹೋಗಿ, ಬಾಳೆಗಿಡದ ಎದುರು ನಿಂತು, ನೂರು ಎಣಿಸುವವರೆಗೆ ಹಸಿರು ನೋಡಬೇಕು. ಆಮೇಲೆ ಬಂದು ಕೆಂಪು ನೋಡಿದರೆ ಅದು ತಾನಾಗಿ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ನನ್ನ ವಿದ್ಯೆ ಎಂದು ಊರು ಹೊಗಳುತ್ತಿದ್ದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆ ಬಾಳೆಗಿಡದ್ದು.

ಆ ದಿನ ಹೊರಗಿನಿಂದ ಒಬ್ಬ ಜವಳಿ ವ್ಯಾಪಾರಿ ಬಂದಿದ್ದ. ಬಂದು ಮೂರು ದಿನವಾಗಿತ್ತು, ತೊಟ್ಟಿದ್ದ ಆಕಾಶನೀಲಿ ಅಂಗಿ ಕಂಕುಳ ಹತ್ತಿರ ಕೆಂಪಾಗತೊಡಗಿತ್ತು. ಹಾಲವ್ವ ಎಂಟು ಲಡಿ ತಂದು ನನ್ನ ಮುಂದಿನ ಹಾಸುಗಲ್ಲಿನ ಮೇಲೆ ಇಟ್ಟಳು. ವ್ಯಾಪಾರಿ ಬಗ್ಗಿ ನೋಡಿ, "ಇವು ಎಂಟೂ ಒಂದೇ ಬಣ್ಣ ಅಲ್ವಾ ಯಜಮಾನರೇ?" ಎಂದ. ನಾನು ನಕ್ಕೆ. "ಬರಿಗಣ್ಣಲ್ಲೇ ಬೇರೆ ಮಾಡ್ತೀರಾ? ಭೂತಗನ್ನಡಿ ಗಿನ್ನಡಿ ಬೇಡವಾ?" ಎಂದ. ಅಷ್ಟು ಸಾಕಾಯಿತು ನನಗೆ. ಕೂತಲ್ಲಿಂದ ಏಳದೆ ಲಡಿಗಳನ್ನು ಎತ್ತಿಕೊಂಡು ಒಂದು ಗಂಟು, ಎರಡು ಗಂಟು, ಒಂದು ಗಂಟು ಎಂದು ಹಾಕುತ್ತ ಹೋದೆ. ಬೆಳಗಿನಿಂದ ಕೆಂಪು ಗೆರೆಯ ನಕ್ಷೆ ಬರೆದು ಕಣ್ಣು ಬತ್ತಿಹೋಗಿತ್ತು. ಗೊತ್ತಿತ್ತು. ಗೊತ್ತಿದ್ದೂ ಹಾಕಿದೆ.

ಹಾಲವ್ವ ಮೆಲ್ಲಗೆ ಹೇಳಿದಳು: "ಅಣ್ಣಾರ, ಒಂದ್ಸಲ ಬಾಳಿಗಿಡ ನೋಡಿ ಬರ್ರಿ."

"ಮೂವತ್ತ ವರ್ಷ ಆತು ಗಂಟ ಹಾಕಾಕ ಹತ್ತಿ. ನನಗ ಬಾಳಿಗಿಡ ತೋರಸ್ತಿಯೇನ?" ಎಂದೆ. ವ್ಯಾಪಾರಿ ಮೆಚ್ಚಿ ತಲೆದೂಗಿದ. ಹಾಲವ್ವ ಲಡಿಗಳನ್ನು ಬುಟ್ಟಿಗೆ ತುಂಬಿಕೊಂಡು ಬಣ್ಣದ ಮನೆಗೆ ಹೋದಳು.

ಅವುಗಳಲ್ಲಿ ಒಂದು ಗಂಟಿನ ಮೂರು ಲಡಿ ದ್ಯಾಮವ್ವನ ಮಗಳ ಮದುವೆ ಸೀರೆಗೆ ಹೋದವು. ದ್ಯಾಮವ್ವನದು ನಮ್ಮ ಎದುರು ಓಣಿ. ಮಗಳು ಚಂಪಾ ನಮ್ಮ ಮನೆಯಂಗಳದಲ್ಲೇ ಆಡಿ ಬೆಳೆದ ಹುಡುಗಿ. ಆ ಸೀರೆಗೆ ನಾನು ಮುತುವರ್ಜಿಯಿಂದ ನಕ್ಷೆ ಬರೆದಿದ್ದೆ. ಒಡಲು ಹುಣಸೆಬೀಜದ ಕೆಂಪು, ಅಂಚು ದಾಳಿಂಬೆ, ಎರಡರ ನಡುವೆ ಏನೂ ಇಲ್ಲ. ಕಡುಗೆಂಪಿನ ಪಕ್ಕ ಕಡುಗೆಂಪು ಬಂದಾಗ ಒಂದನ್ನೊಂದು ನುಂಗುತ್ತವೆ ಎಂದು ಎಳೆಯ ನಕ್ಷೆಗಾರರು ಹೆದರುತ್ತಾರೆ. ದಾಳಿಂಬೆಗೆ ಆ ಹೆದರಿಕೆ ಬೇಕಿಲ್ಲ. ಅದರೊಳಗಿನ ನೀಲಿ ಒಡಲಿನಿಂದ ಅಂಚನ್ನು ತಾನೇ ಬಿಡಿಸಿ ತೋರಿಸುತ್ತದೆ. ಗೆರೆಯಿಲ್ಲದೆ ಅಂಚು ನಿಲ್ಲಿಸುವುದೇ ನನ್ನ ಹೆಚ್ಚುಗಾರಿಕೆ ಎಂದು ನಾನು ಭಾವಿಸಿದ್ದೆ.

ಎಂಟು ದಿನ ಕಳೆದು ಮಗ್ಗದ ಮನೆಗೆ ಹೋದೆ. ದಾರಿಯಲ್ಲಿ ಬೇಲಿಸಾಲಿನ ಹಸಿರು ನೋಡುತ್ತ ಬಂದಿದ್ದೆ, ಬೇಕೆಂದು ಅಲ್ಲ, ದಾರಿ ಹಾಗಿತ್ತು. ಮಗ್ಗದ ಮೇಲೆ ಎರಡು ಮೊಳ ನೇಯ್ದಿತ್ತು. ಅಂಚು ಒಡಲಿನೊಳಗೆ ಮುಳುಗಿತ್ತು. ತಳದಲ್ಲಿ ನೀಲಿ ಇರಲಿಲ್ಲ, ಮಣ್ಣಿತ್ತು. ಅದು ಕಾಚು.

ಇಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. ಮದುವೆಗೆ ಇನ್ನೂ ಹತ್ತೊಂಬತ್ತು ದಿನ ಇತ್ತು. ನೂಲು ಬಿಚ್ಚಿಸಿ, "ನಾ ತಪ್ಪ ಗಂಟ ಹಾಕೀನಿ" ಎಂದಿದ್ದರೆ ನಾಲ್ಕು ಜನ ನಗುತ್ತಿದ್ದರು, ಮತ್ತೆ ನಾಲ್ಕು ದಿನಕ್ಕೆ ಮರೆಯುತ್ತಿದ್ದರು. ಆದರೆ ಆ ನಾಲ್ಕು ಜನರ ನಗು ನನ್ನ ಕಿವಿಯಲ್ಲಿ ಆಗಲೇ ಕೇಳಿಸಿತು. ನಾನು ಮಾಡಿದ್ದು ಬೇರೆ. ನೇಯುವವನಿಗೆ, "ನಕ್ಷಿ ಸ್ವಲ್ಪ ಬದಲ ಮಾಡೀನಿ, ಮೊದಲಿಂದ ಶುರು ಮಾಡು" ಎಂದು ಹೇಳಿ ಅಂಚಿಗೂ ಒಡಲಿಗೂ ನಡುವೆ ಇಟ್ಟಿಗೆಗೆಂಪಿನ ನಾಲ್ಕೆಳೆಯ ಗೆರೆ ಎಳೆಸಿದೆ. ಇಟ್ಟಿಗೆ ಪಕ್ಕದಲ್ಲಿದ್ದರೆ ಕಾಚಿನ ಮಣ್ಣು ಕಣ್ಣಿಗೆ ಬೀಳುವುದಿಲ್ಲ, ಇಟ್ಟಿಗೆಯ ಮಣ್ಣೇ ಅದನ್ನು ಮರೆಸುತ್ತದೆ, ಕಾಚು ದಾಳಿಂಬೆಯಂತೆ ತೋರುತ್ತದೆ. ಮೂವತ್ತು ವರ್ಷ ಕಲಿತ ವಿದ್ಯೆಯನ್ನು ನಾನು ಬಳಸಿದ್ದು ಹೀಗೆ. ಮಗ್ಗದ ಮನೆಯ ಮಬ್ಬಿನಲ್ಲಿ ಎಲ್ಲರೂ ಮೆಚ್ಚಿದರು. ದ್ಯಾಮವ್ವ ಸೀರೆಯನ್ನು ಕಣ್ಣಿಗೊತ್ತಿಕೊಂಡಳು. ನಾಚಿಕೆ ಆಗಲೇ ಆಗಬೇಕಿತ್ತು. ಆಗಿದ್ದು ಸಮಾಧಾನ.

ಮದುವೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಚಂಪಾಳನ್ನು ಹಂದರಕ್ಕೆ ಕರೆತಂದರು. ಚಳಿಗಾಲದ ಎಳೆಬಿಸಿಲು, ಮೋಡವಿಲ್ಲದ ಬಯಲು. ಅಂಥ ಬೆಳಕಿನ ಮುಂದೆ ನಾಲ್ಕೆಳೆ ಇಟ್ಟಿಗೆಗೆಂಪು ಯಾವ ಲೆಕ್ಕ? ಗಂಡಿನ ಕಡೆಯ, ನಮ್ಮೂರಲ್ಲೇ ಹುಟ್ಟಿ ಹಲವು ಸಾವು ಕಂಡ ಒಬ್ಬ ಮುದುಕಿ ಹತ್ತಿರ ಬಂದು ಸೆರಗು ಹಿಡಿದು ನೋಡಿದಳು, ಕೈ ಬಿಟ್ಟಳು. "ಇದು ಹನ್ನೊಂದರ ಸೀರಿ ಐತಲ್ಲ ತಂಗಿ," ಎಂದಳು, ಮೆಲ್ಲಗೇ ಅಂದಳು. ವಾದ್ಯ ನಿಂತಿತು. ಚಂಪಾ ತನ್ನ ಮೈಮೇಲಿನ ಸೀರೆಯನ್ನು ಮುಟ್ಟಲೂ ಆಗದೆ ಎರಡೂ ಕೈ ದೂರ ಹಿಡಿದು ನಿಂತಳು. ತಾಯಿಯ ಹಳೆಯ ಸೀರೆ ಉಡಿಸಿ ಧಾರೆ ಎರೆದದ್ದು ಮಧ್ಯಾಹ್ನದ ಮೇಲೆ. ಉಂಡವರು ಕಡಿಮೆ, ಗುಸುಗುಸು ಹೆಚ್ಚು.

ದ್ಯಾಮವ್ವ ಎಲ್ಲರ ಎದುರಿಗೆ ನನ್ನನ್ನು ಕೇಳಿದಳು: "ಕಾಕಾರ, ಇದು ಹೆಂಗಾತು?" ಜನರೆಲ್ಲ ನನ್ನತ್ತ ತಿರುಗಿದರು. ಹಾಲವ್ವನೂ ಅಲ್ಲೇ ಇದ್ದಳು, ನೀರಿನ ಹಂಡೆಯ ಪಕ್ಕ. ನಾನು ಅವಳನ್ನು ನೋಡಲಿಲ್ಲ.

"ನಾ ಒಪ್ಪಿದ್ದು ದಾಳಿಂಬಿ," ಎಂದೆ. "ಮುಂದ ಬಣ್ಣದ ಮನಿಯಾಗ ಏನಾತೋ ನನಗ ಗೊತ್ತಿಲ್ಲ."

ಅಷ್ಟೇ ಮಾತು. ಯಾರ ಹೆಸರನ್ನೂ ನಾನು ಎತ್ತಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಬಣ್ಣದ ಮನೆಯಲ್ಲಿ ಇದ್ದದ್ದು ಒಬ್ಬಳೇ.

ಮೂರನೆಯ ದಿನ ದೈವ ಕೂಡಿತು. ಊರ ಹಿರಿಯರು ಸೇರಿ ನ್ಯಾಯ ಹೇಳುವುದಕ್ಕೆ ನಮ್ಮಲ್ಲಿ ದೈವ ಕೂಡುವುದು ಎನ್ನುತ್ತಾರೆ. ಗಂಟು ಬಿದ್ದ ಲಡಿಯನ್ನು ಎರಡನೆಯ ಸಲ ಹಂಡೆಗೆ ಇಳಿಸಿದ್ದೀಯಾ ಎಂದು ಹಾಲವ್ವನನ್ನು ಕೇಳಿದರು. ಇಲ್ಲ ಎಂದಳು. ಹಾಗಾದರೆ ಗುರುಶಾಂತಪ್ಪನವರು ತಪ್ಪು ಗಂಟು ಹಾಕಿದರೇನು ಎಂದು ಕೇಳಿದರು. ಅವಳು ನನ್ನ ಕಡೆ ನೋಡಿದಳು. ನಾನು ಹೇಳುತ್ತೇನೆಂದು ಕಾದಳು. ನಾನು ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡೆ. ಕೊನೆಗೆ ಅವಳು, "ನಾ ಇಳಿಸಿಲ್ರಿ, ಅಷ್ಟ ನನಗ ಗೊತ್ತಿರೂದು," ಎಂದಳು.

ಅವಳ ಬಾಗಿಲು ಕೆರೆದರು. ನಮ್ಮಲ್ಲಿ ಬಾಗಿಲು ಕೆರೆಯುವುದೆಂದರೆ ಏನೆಂದು ಹೊರಗಿನವರಿಗೆ ತಿಳಿಯದು. ಮನೆಯ ಕೆಂಪನ್ನು ಉಳಿಯಿಂದ ಹೆರೆದು ಬರಿ ಮರ ಮಾಡುತ್ತಾರೆ, ಮತ್ತೆ ಕೆಂಪೇರಿದರೆ ಮತ್ತೆ ಹೆರೆಯುತ್ತಾರೆ. ಆ ಮನೆಗೆ ಅಂಚೆ ಹೋಗುವುದಿಲ್ಲ, ಹಂಡೆಯ ಕೆಲಸ ಇಲ್ಲ, ಹಬ್ಬದ ಕರೆಯಿಲ್ಲ. ಅಲ್ಲಿ ಯಾರೂ ನೀರು ಸಹ ಕುಡಿಯುವುದಿಲ್ಲ. ಬೋಳು ಬಾಗಿಲಿನ ಮನೆಯಲ್ಲಿ ಉಂಡವನ ಮಾತು ಬಣ್ಣದ ವಿಷಯದಲ್ಲಿ ಮತ್ತೆ ನಡೆಯುವುದಿಲ್ಲ. ಹಾಲವ್ವ ಬದುಕಿಯೇ ಇದ್ದಳು, ಆದರೆ ಓಣಿಯಲ್ಲಿ ಅವಳು ಎದುರು ಬಂದರೆ ಜನ ಗೋಡೆ ನೋಡುತ್ತಿದ್ದರು. ನಾನು ಅವಳ ಓಣಿ ತಪ್ಪಿಸಿ ಸುತ್ತು ಹಾಕಿ ತಿರುಗಾಡತೊಡಗಿದೆ.

ಹೀಗೆ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನನ್ನ ಹೆಂಡತಿ ಅನ್ನಕ್ಕ ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತ, ತಲೆಯೆತ್ತದೆ ಕೇಳಿದಳು: "ಚಂಪಾನ ಸೀರಿಗೆ ಇಟ್ಟಂಗಿ ಗೆರಿ ಮೊದಲ ಇರಲಿಲ್ಲಲ್ಲ?"

ನಾನು ಎದುರಿನ ನಕ್ಷೆಯ ಹಾಳೆಯನ್ನು ಸುರುಳಿ ಸುತ್ತತೊಡಗಿದೆ.

"ನೂಲ ಸುತ್ತಿ ಕೊಟ್ಟಾಕಿ ನಾನು," ಎಂದಳು. "ಅವತ್ತ ಗೊತ್ತಾತು ನನಗ. ಇಂದ ಹೇಳ್ತೀರಿ ನಾಳೆ ಹೇಳ್ತೀರಿ ಅಂತ ನೋಡಾಕತ್ತೀನಿ. ನನಗೂ ಆಕಿ ಮಾರಿ ನೋಡಾಕ ಆಗವಲ್ದು." ಅವಳ ಕೈ ನಿಲ್ಲಲಿಲ್ಲ, ರಾಟೆ ತಿರುಗುತ್ತಲೇ ಇತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ದೈವ ಕೂಡಿಸಿದೆ. ಎಲ್ಲವನ್ನೂ ಹೇಳಿದೆ. ವ್ಯಾಪಾರಿಯ ಮುಂದಿನ ಜಂಬ, ನೋಡದ ಬಾಳೆಗಿಡ, ಮಗ್ಗದ ಮೇಲೆ ಕಂಡದ್ದು, ಇಟ್ಟಿಗೆ ಗೆರೆ, ಏನನ್ನೂ ಬಿಡಲಿಲ್ಲ. ಕೆಂಡ ಕಾರುತ್ತಾರೆ ಎಂದುಕೊಂಡಿದ್ದೆ. ಹಿರಿಯ ಕಲ್ಲಪ್ಪ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು.

"ಎಂಥಾ ದೊಡ್ಡ ಮನಸ್ರೀ ನಿಮ್ದು," ಎಂದ. "ಆ ಹೆಣ್ಮಗಳ ಕಷ್ಟ ನೋಡಲಾರದ ತಪ್ಪ ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ."

"ಅಲ್ಲೋ ಕಲ್ಲಪ್ಪ, ಖರೇನ ಹೇಳಾಕತ್ತೀನಿ."

"ನನ್ನ ಮೂರೂ ಹೆಣ್ಮಕ್ಕಳ ಸೀರಿಗೆ ಗಂಟ ಹಾಕಿದವ್ರು ನೀವು. ನಿಮ್ಮ ಕಣ್ಣ ತಪ್ಪಿತಂದ್ರ ಅವು ಏನು? ಈ ಊರಾಗಿನ ಲಗ್ನ ಎಲ್ಲಾ ಏನು? ಹಂಗ ಮಾತಾಡಬ್ಯಾಡ್ರಿ."

ಆಗ ತಿಳಿಯಿತು. ಅವರಿಗೆ ನನ್ನ ಮಾತು ಬೇಡವಾಗಿತ್ತು, ನನ್ನ ಕಣ್ಣು ಬೇಕಿತ್ತು. ನಾನು ಸುಳ್ಳು ಹೇಳಿದಾಗ ನಂಬಿದವರು ನಿಜ ಹೇಳಿದಾಗ ನಂಬಲಿಲ್ಲ. ಹೊರಗೆ ಬಂದಾಗ ಇಬ್ಬರು ಹುಡುಗಿಯರು ನನ್ನ ಕಾಲಿಗೆ ನಮಸ್ಕಾರ ಮಾಡಿದರು. ಕಾಲು ಹಿಂದಕ್ಕೆ ಎಳೆದುಕೊಂಡೆ, ಅದನ್ನೂ ಅವರು ವಿನಯ ಎಂದುಕೊಂಡರು. ಆ ವಾರದಲ್ಲಿ ನನಗೆ ಸಿಕ್ಕಷ್ಟು ಮರ್ಯಾದೆ ಹಿಂದೆ ಎಂದೂ ಸಿಕ್ಕಿರಲಿಲ್ಲ. ಮುಖ ಎಲ್ಲಿ ಇಟ್ಟುಕೊಳ್ಳಬೇಕೆಂದು ತೋಚದಾಯಿತು.

ಒಂದು ಬೆಳಿಗ್ಗೆ ಉಳಿ ತಗೊಂಡು ನನ್ನ ಬಾಗಿಲನ್ನು ನಾನೇ ಹೆರೆಯತೊಡಗಿದೆ. ಜನ ಕೂಡಿದರು. ಯಾರೋ ಅತ್ತರು. ಆ ಗುಂಪನ್ನು ಸರಿಸಿಕೊಂಡು ಹಾಲವ್ವ ಬಂದಳು. ತಿಂಗಳ ಮೇಲಾಗಿತ್ತು ನಾನು ಅವಳನ್ನು ಹತ್ತಿರದಿಂದ ನೋಡಿ. ಸೊರಗಿದ್ದಳು. ಹಂಡೆಯ ಕೆಲಸವಿಲ್ಲದೆ ಅವಳ ಬೆರಳುಗಳು ಬೆಳ್ಳಗಾಗಿದ್ದವು, ಅಂಥ ಬೆರಳನ್ನು ನಮ್ಮೂರಿನ ಬಣ್ಣದವರಲ್ಲಿ ನಾನು ಕಂಡಿರಲಿಲ್ಲ. ನನ್ನ ಕೈಯಿಂದ ಉಳಿ ತೆಗೆದುಕೊಂಡಳು.

"ನಿಮ್ಮ ಬಾಗಲಾ ಕೆರಕೊಂಡ್ರ ನನ್ನ ಬಾಗಲಕ್ಕ ಬಣ್ಣ ಬರಂಗಿಲ್ರಿ ಅಣ್ಣಾರ," ಎಂದಳು. "ನೀವು ಏನ ಮಾಡಿದ್ರೂ ಮಂದಿ ನಿಮ್ಮನ್ನ ದೊಡ್ಡವರನ್ನ ಮಾಡ್ತಾರ. ನಾಳೆ ಮಧ್ಯಾಹ್ನ ನಮ್ಮನಿಗೆ ಊಟಕ್ಕ ಬರ್ರಿ."

ಸುತ್ತಲಿನ ಜನ ಒಂದು ಹೆಜ್ಜೆ ಹಿಂದೆ ಸರಿದರು. ಬಾಯಲ್ಲಿ ತಪ್ಪೊಪ್ಪಿಕೊಂಡು, ಬಾಗಿಲು ಕೆರೆದುಕೊಂಡು, ಇಷ್ಟೆಲ್ಲ ಮಾಡಿದರೂ ಗಂಟು ಹಾಕುವ ಹಾಸುಗಲ್ಲನ್ನು ನಾನು ಬಿಟ್ಟಿರಲಿಲ್ಲ. ಹಿಂದಿನ ದಿನ ಕೂಡ, ಹಂಡೆಗೆ ಹೊಸದಾಗಿ ಬಂದವರು ತಂದಿಟ್ಟ ಹನ್ನೆರಡು ಲಡಿಗೆ ಗಂಟು ಹಾಕಿದ್ದೆ. ಅದನ್ನು ಅವಳು ಕಂಡಿದ್ದಳು. ಬೋಳು ಬಾಗಿಲಿನ ಮನೆಯಲ್ಲಿ ಉಂಡರೆ ಆ ಕಲ್ಲಿನ ಮೇಲೆ ನಾನು ಮತ್ತೆ ಕೂರುವಂತಿಲ್ಲ. ಬರುತ್ತೇನೆ ಎಂದೆ.

ಮರುದಿನ ಹೊರಟೆ. ಒಗೆದ ಪಂಚೆ ಉಟ್ಟು, ಅನ್ನಕ್ಕನಿಗೆ ಹೇಳಿಯೇ ಹೊರಟೆ. ಆದರೆ ಹಾಲವ್ವನ ಓಣಿಯ ತಿರುವಿನಲ್ಲಿ ಜಗಲಿಗಳ ಮೇಲೆ ಜನ ಕೂತಿದ್ದರು, ಕಾದು ಕೂತಂತೆ. ನನ್ನ ಕಾಲು ತಾನಾಗಿ ಹಿಂದಿನ ಸಂದಿಗೆ ತಿರುಗಿತು. ಹಿತ್ತಲ ಬೇಲಿ ಸರಿಸಿ, ಕಟ್ಟಿಗೆಯ ರಾಶಿ ದಾಟಿ, ಅಡುಗೆಮನೆಯ ಬಾಗಿಲಲ್ಲಿ ಬಗ್ಗಿ ಒಳಗೆ ಹೋದೆ. ಐವತ್ತೊಂಬತ್ತು ವರ್ಷದ ಗಂಡಸು. ಇದನ್ನು ಬರೆಯುವಾಗಲೂ ಮೈ ಹಿಡಿಯಾಗುತ್ತದೆ.

ಹಾಲವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿಂದಿನಿಂದ ಬಂದದ್ದನ್ನು ನೋಡಿದಳು. ತಾಟಿನಲ್ಲಿ ಎರಡು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಒಂದು ಈರುಳ್ಳಿ ಇಟ್ಟು ಕೊಟ್ಟಳು. ಗೋಡೆಗೆ ಒರಗಿ ಕೂತೆ. ಇಷ್ಟಕ್ಕೆ ಮುಗಿದರೆ ಸಾಕು, ಉಂಡದ್ದಂತೂ ಉಂಡಂತೆ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಮೊದಲ ತುತ್ತು ಮುರಿದಿದ್ದೆ. ಹಾಲವ್ವ ಹಿಟ್ಟಿನ ಕೈ ಒರೆಸಿಕೊಂಡು ಎದ್ದಳು, ನನ್ನ ಮುಂದಿನ ತಾಟು ಎತ್ತಿಕೊಂಡಳು, ಪಡಸಾಲೆ ದಾಟಿ ಮುಂಬಾಗಿಲು ತೆರೆದು ಹೊರಗಿನ ಜಗಲಿಯ ಮೇಲೆ ಇಟ್ಟು, ಪಕ್ಕಕ್ಕೆ ನಿಂತುಕೊಂಡಳು.

ಕೈಯಲ್ಲಿ ಮುರಿದ ತುತ್ತು ಹಿಡಿದುಕೊಂಡು ನಾನು ಕೂತೇ ಇದ್ದೆ. ಹಿತ್ತಲ ಬಾಗಿಲು ನನ್ನ ಪಕ್ಕದಲ್ಲೇ ಇತ್ತು, ತೆರೆದೇ ಇತ್ತು. ಅವಳು ಕರೆಯಲಿಲ್ಲ, ಹಿಂದಿರುಗಿಯೂ ನೋಡಲಿಲ್ಲ. ದೈವದ ದಿನ ಅವಳು ಹೀಗೇ ನಿಂತು ಕಾದಿದ್ದಳು. ಎದ್ದೆ. ಪಡಸಾಲೆ ದಾಟಿದೆ. ಹೊಸ್ತಿಲ ಆಚೆ ಬಿಸಿಲು ಕಣ್ಣಿಗೆ ಹೊಡೆಯಿತು.

ಜಗಲಿಯ ಮೇಲೆ ಕೂತು ಉಣ್ಣತೊಡಗಿದೆ. ಎದುರು ಜಗಲಿಯಿಂದ ಕಲ್ಲಪ್ಪ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಒಬ್ಬೊಬ್ಬರೇ ಎದ್ದರು. ನೀರು ತರುತ್ತಿದ್ದ ದ್ಯಾಮವ್ವ ಕೊಡ ಸೊಂಟದಲ್ಲಿಟ್ಟು ನಡುದಾರಿಯಲ್ಲಿ ನಿಂತಳು. ಅವಳು ನಿಂತದ್ದು ಅವಳ ಕಾಲಿನಿಂದ ತಿಳಿಯಿತು, ಯಾಕೆಂದರೆ ನಾನು ಅಷ್ಟೊತ್ತಿಗೆ ತಾಟಿಗೆ ಮುಖ ತಗ್ಗಿಸಿದ್ದೆ.

ಹಾಲವ್ವ ಇನ್ನೊಂದು ರೊಟ್ಟಿ ತಂದು ಹಾಕಿದಳು. ನೀರಿನ ತಂಬಿಗೆ ಪಕ್ಕಕ್ಕಿಟ್ಟಳು.

"ತಲಿ ಎತ್ತಿ ಉಣ್ರಿ ಅಣ್ಣಾರ," ಎಂದಳು. "ಯಾರೋ ಉಣ್ಣಾಕತ್ತಾರ ಅಂತ ಕಂಡ್ರ ಸಾಕಾಗಂಗಿಲ್ಲ. ಯಾರಂತ ಗುರ್ತ ಸಿಗಬೇಕು."

ತಲೆ ಎತ್ತಿದೆ.